ಸ್ವಂತ ಬೆಳಕು, ಕಡ ತಂದ ಬೆಳಕು

(ಹೈಸ್ಕೂಲು ಮಕ್ಕಳು, ಮೇಷ್ಟ್ರುಗಳು ಮತ್ತು ಊರಿನ ಹಿರಿಯರು ಸೇರಿದ್ದ ಒಂದು ಸಂಜೆಯ ವಿಜ್ಞಾನ ಉಪನ್ಯಾಸದ ಬರಹ ರೂಪ. ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಈ ಹಾಲ್‌ನಲ್ಲಿ ಬೆಳಕು ಕೊಡುತ್ತಿರುವ ವಸ್ತುಗಳು ಎಷ್ಟಿವೆ? ಮುಂದಿನ ಸಾಲಿನ ಹುಡುಗರು ಆಗಲೇ ಚಾವಣಿ ನೋಡಿ ಎಣಿಸುತ್ತಿದ್ದಾರೆ. ನಾಲ್ಕು ಟ್ಯೂಬ್‌ಲೈಟ್. ಯಾರೋ ಒಬ್ಬರು ಮೊಬೈಲ್ ತೆಗೆದಿದ್ದಾರೆ, ಅದನ್ನೂ ಸೇರಿಸಿ. ಅಲ್ಲಿ ಪ್ಲಗ್ ಪಕ್ಕದ ಕೆಂಪು ದೀಪ ಇನ್ನೊಂದು. ಮುಗಿಯಿತು. ನನ್ನ ಮುಖ, ಈ ಮೇಜು, ಗೋಡೆ, ಕುರ್ಚಿ, ನಿಮ್ಮ ಪಕ್ಕದವರ ಅಂಗಿ ಎಲ್ಲವೂ ಆ ನಾಲ್ಕು ಟ್ಯೂಬಿನಿಂದ ಕಡ ತಂದ ಬೆಳಕಿನಲ್ಲೇ ಕಾಣುತ್ತಿವೆ. ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ಆಮೇಲೆ ಹೇಳುತ್ತೇನೆ, ಸದ್ಯಕ್ಕೆ ಇಷ್ಟೇ ಇರಲಿ.

ಹಾಲ್ ಒಳಗೆ ಇದು ಸುಲಭ. ಸ್ವಿಚ್ ಆರಿಸಿದರೆ ಯಾವುದು ಸ್ವಂತ, ಯಾವುದು ಕಡ ಅಂತ ಗೊತ್ತಾಗಿಬಿಡುತ್ತದೆ. ಆದರೆ ರಾತ್ರಿ ಆಕಾಶ ನೋಡುವಾಗ? ಅಲ್ಲಿ ಸ್ವಿಚ್ ಯಾರ ಕೈಯಲ್ಲೂ ಇಲ್ಲ. ಶುಕ್ರ ಹೊಳೆಯುತ್ತದೆ, ಲುಬ್ಧಕ ನಕ್ಷತ್ರವೂ ಹೊಳೆಯುತ್ತದೆ. ಎರಡೂ ಬರಿಗಣ್ಣಿಗೆ ಬಿಳಿ ಚುಕ್ಕೆಗಳು. ಒಂದು ಸೂರ್ಯನಿಂದ ಕಡ ತಂದು ಹೊಳೆಯುತ್ತಿದೆ, ಇನ್ನೊಂದು ತಾನೇ ಉರಿಯುತ್ತಿದೆ. ಇದು ಗೊತ್ತಾಗುವುದು ಹೇಗೆ?

ಕ್ರಿಸ್ತಶಕ 499ರಲ್ಲಿ ಆರ್ಯಭಟ ಇದರ ಬಗ್ಗೆ ಒಂದು ಶ್ಲೋಕ ಬರೆದಿದ್ದಾನೆ. ಆರ್ಯಭಟೀಯದ ಗೋಲಪಾದದಲ್ಲಿದೆ. ಭೂಮಿ, ಗ್ರಹ, ನಕ್ಷತ್ರ ಇವೆಲ್ಲ ಗೋಳಗಳು, ಇವುಗಳ ಅರ್ಧ ಭಾಗ ತಮ್ಮದೇ ನೆರಳಿನಿಂದ ಕಪ್ಪಾಗಿರುತ್ತದೆ, ಸೂರ್ಯನ ಕಡೆ ಮುಖ ಮಾಡಿದ ಅರ್ಧ ಬೆಳಗುತ್ತದೆ ಎನ್ನುತ್ತಾನೆ. ಗ್ರಹಗಳ ವಿಷಯ ಸರಿ. ಚಂದ್ರನ ವಿಷಯವೂ ಸರಿ. ನಕ್ಷತ್ರಗಳನ್ನೂ ಅದೇ ಪಟ್ಟಿಗೆ ಸೇರಿಸಿದ್ದು ಮಾತ್ರ ತಪ್ಪು. ಆದರೆ ಇದಕ್ಕೆ ನಗಬೇಡಿ. ಬರಿಗಣ್ಣಲ್ಲಿ ನೋಡಿ ಆ ತಪ್ಪನ್ನು ತಿದ್ದುವ ದಾರಿಯೇ ಇರಲಿಲ್ಲ. ಬೆಳಕನ್ನು ನೇರವಾಗಿ ವಿಚಾರಿಸುವ ಉಪಕರಣ ಬರಲು ಇನ್ನೂ 1300 ವರ್ಷ ಬೇಕಾಯಿತು.

ಆ ಉಪಕರಣದ ಬಡ ತಮ್ಮ ಇಲ್ಲಿದೆ. ಒಂದು ಚಪ್ಪಲಿ ಡಬ್ಬಿ, ಒಂದು ಹಳೇ ಸಿ.ಡಿ. ಡಬ್ಬಿಯ ಒಂದು ಬದಿಯಲ್ಲಿ ಎರಡು ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಿಂದ ಬಂದ ಬೆಳಕು ಓರೆಯಾಗಿ ಇಟ್ಟ ಸಿ.ಡಿ. ಮೇಲೆ ಬೀಳುತ್ತದೆ. ಸಿ.ಡಿ.ಯ ಗೆರೆಗಳು ಒಂದಕ್ಕೊಂದು 1.6 ಮೈಕ್ರಾನ್ ದೂರದಲ್ಲಿವೆ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಲು ಅಷ್ಟು ಸಾಕು. ಮೇಲಿನ ಕಿಂಡಿಯಿಂದ ಇಣುಕಿದರೆ ಆಯಿತು. ಒಂದು ಎಚ್ಚರಿಕೆ: ಇದನ್ನು ಯಾವತ್ತೂ ಸೂರ್ಯನ ಕಡೆ ನೇರ ತಿರುಗಿಸಬೇಡಿ. ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆ ತಿರುಗಿಸಿ, ಸಾಕು.

ಈಗ ಇದನ್ನು ಟ್ಯೂಬ್‌ಲೈಟ್ ಕಡೆ ಹಿಡಿಯೋಣ. ಒಬ್ಬೊಬ್ಬರಾಗಿ ಬಂದು ನೋಡಿ. ಕಾಮನಬಿಲ್ಲಿನ ಹಾಗೆ ಒಂದರೊಳಗೊಂದು ಕರಗುವ ಬಣ್ಣಗಳ ನಡುವೆ ಕೆಲವು ಗೆರೆಗಳು ಚುಚ್ಚುವಷ್ಟು ಪ್ರಕಾಶವಾಗಿವೆ, ಅಲ್ವಾ? ಒಂದು ಗಟ್ಟಿ ಹಸಿರು, ಒಂದು ನೀಲಿ-ನೇರಳೆ. ಹಸಿರು ಗೆರೆಯ ಅಲೆಯುದ್ದ 546 ನ್ಯಾನೋಮೀಟರ್, ನೀಲಿಯದು 436 (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ಎರಡೂ ಟ್ಯೂಬಿನೊಳಗಿನ ಪಾದರಸದ ಸಹಿ. ಹೊಸ ಎಲ್ಇಡಿ ದೀಪದಲ್ಲಿ ಇವು ಸಿಗುವುದಿಲ್ಲ. ಅದಕ್ಕೇ ಹಳೇ ಟ್ಯೂಬ್ ಇರುವ ಈ ಹಾಲ್ ನನಗೆ ಖುಷಿ ಕೊಟ್ಟಿತು.

ಈಗ ಅದೇ ಡಬ್ಬಿಯನ್ನು ಆ ಬಿಳಿ ಗೋಡೆಯ ಕಡೆ ತಿರುಗಿಸಿ. ಬೆಳಕು ಮಂಕು. ಆದರೆ ಗೆರೆಗಳು ಅವೇ. ಅದೇ ಹಸಿರು, ಅದೇ ನೀಲಿ, ಅದೇ ಜಾಗದಲ್ಲಿ. ಗೋಡೆ ಸುಣ್ಣದ್ದು, ಬೆಳಕು ಪಾದರಸದ್ದು. ಇವತ್ತಿನ ಉಪನ್ಯಾಸದ ತಿರುಳು ಇಷ್ಟೇ: ಕಡ ತಂದ ಬೆಳಕು ಕೊಟ್ಟವನ ಗುರುತನ್ನು ಅಳಿಸುವುದಿಲ್ಲ. ಜೊತೆಗೆ ದಾರಿಯಲ್ಲಿ ಬಡಿದದ್ದರ, ಹಾದುಹೋದದ್ದರ ಗುರುತನ್ನೂ ಸೇರಿಸಿಕೊಳ್ಳುತ್ತದೆ.

1814ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಜೋಸೆಫ್ ಫ್ರಾನ್‌ಹೋಫರ್ ಅನ್ನುವ ಗಾಜಿನ ಕುಶಲಕರ್ಮಿ ಸೂರ್ಯನ ಬೆಳಕನ್ನು ಹೀಗೇ ಬಿಡಿಸಿ ನೋಡಿದ. ಅವನು ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡವನು. ಗಾಜಿನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಕಟ್ಟಡ ಕುಸಿದು ಅದರಡಿ ಸಿಕ್ಕಿ ಬದುಕಿ ಬಂದವನು. ಒಳ್ಳೆಯ ದೂರದರ್ಶಕಕ್ಕೆ ಒಳ್ಳೆಯ ಗಾಜು ಬೇಕು, ಗಾಜನ್ನು ಅಳೆಯಲು ಬೆಳಕಿನಲ್ಲಿ ಒಂದು ಸ್ಥಿರವಾದ ಗುರುತು ಬೇಕು. ಅದನ್ನು ಹುಡುಕಲು ಹೋದವನಿಗೆ ಸೂರ್ಯನ ಬಣ್ಣಗಳ ಪಟ್ಟಿಯಲ್ಲಿ ಕಪ್ಪು ಗೆರೆಗಳು ಸಿಕ್ಕವು. ಒಂದೆರಡಲ್ಲ, 574 ಗೆರೆಗಳನ್ನು ಲೆಕ್ಕ ಹಾಕಿದ. ಆಮೇಲೆ ಅದೇ ಉಪಕರಣವನ್ನು ಶುಕ್ರನ ಕಡೆ ತಿರುಗಿಸಿದ. ಬೆಳಕು ಕಡಿಮೆ, ಆದರೂ ಸೂರ್ಯನಲ್ಲಿದ್ದ ಮುಖ್ಯ ಗೆರೆಗಳು ಅದೇ ಜಾಗದಲ್ಲಿದ್ದವು. ಲುಬ್ಧಕದ ಕಡೆ ತಿರುಗಿಸಿದ. ಗೆರೆಗಳು ಬೇರೆಯೇ! ಅದು ಸೂರ್ಯನ ಬೆಳಕಲ್ಲ.

ಆರ್ಯಭಟನ ಪಟ್ಟಿಯಿಂದ ನಕ್ಷತ್ರವನ್ನು ತೆಗೆದುಹಾಕಲು ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಾ? ನಕ್ಷತ್ರಗಳೂ ಸೂರ್ಯರೇ ಅಂತ ಆ ಹೊತ್ತಿಗೆ ಬಹಳ ಜನ ಊಹಿಸಿದ್ದರು ನಿಜ. ಆದರೆ ಬೆಳಕೇ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಆ ಗೆರೆಗಳು ಯಾಕೆ ಬರುತ್ತವೆ ಅಂತ ಫ್ರಾನ್‌ಹೋಫರ್‌ಗೆ ಗೊತ್ತಿರಲಿಲ್ಲ. 1826ರಲ್ಲಿ, 39ನೇ ವಯಸ್ಸಿಗೇ ತೀರಿಕೊಂಡ. ಒಂದೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳಿವೆ ಅಂತ ಕಿರ್ಖಾಫ್ ಮತ್ತು ಬುನ್ಸೆನ್ ತೋರಿಸಿದ್ದು 1859ರ ಆಸುಪಾಸಿನಲ್ಲಿ. ಒಂದು ತಮಾಷೆ ಏನೆಂದರೆ, ಫ್ರಾನ್‌ಹೋಫರ್ ಎಣಿಸಿದ ಎಲ್ಲ ಗೆರೆಗಳೂ ಸೂರ್ಯನವಲ್ಲ. ಅವನು ಎ ಮತ್ತು ಬಿ ಅಂತ ಹೆಸರಿಟ್ಟ ಎರಡು ಗೆರೆಗಳು ನಮ್ಮ ಗಾಳಿಯ ಆಮ್ಲಜನಕದವು. ಸೂರ್ಯನಿಂದ 15 ಕೋಟಿ ಕಿಲೋಮೀಟರ್ ಬಂದ ಬೆಳಕಿಗೆ ಕೊನೆಯ ಕೆಲವು ಕಿಲೋಮೀಟರಿನಲ್ಲಿ ನಮ್ಮ ಗಾಳಿಯೂ ತನ್ನ ಮುದ್ರೆ ಒತ್ತಿತ್ತು.

ಇನ್ನು, ಬೆಳಕು ಗೋಡೆಗೆ ಬಡಿದಾಗ ನಿಜವಾಗಿ ಆಗುವುದೇನು? ನಾವು ಶಾಲೆಯಲ್ಲಿ ಬಾಣದ ಗುರುತು ಹಾಕಿ ಕಲಿತಿದ್ದೇವೆ. ಬಂದ ಕೋನ, ಹೋದ ಕೋನ, ಎರಡೂ ಸಮ. ಚೆಂಡು ಗೋಡೆಗೆ ಬಡಿದು ಬಂದ ಹಾಗೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕೋನದ ಲೆಕ್ಕ ಸರಿ, ಚೆಂಡಿನ ಚಿತ್ರ ಸರಿಯಿಲ್ಲ. ಬೆಳಕು ಅಂದರೆ ವಿದ್ಯುತ್ ಮತ್ತು ಕಾಂತದ ಅಲೆ. ಅದು ವಸ್ತುವಿನ ಮೇಲೆ ಬಿದ್ದಾಗ ಅಲ್ಲಿನ ಎಲೆಕ್ಟ್ರಾನುಗಳು ಅದೇ ಲಯದಲ್ಲಿ ಅಲುಗಾಡುತ್ತವೆ. ಅಲುಗಾಡುವ ಎಲೆಕ್ಟ್ರಾನ್ ಸುಮ್ನೆ ಇರುವುದಿಲ್ಲ, ತಾನೂ ಒಂದು ಅಲೆಯನ್ನು ಹೊರಗೆ ಬಿಡುತ್ತದೆ. ನಾವು ಪ್ರತಿಫಲನ ಅನ್ನುವುದು ಈ ಹೊಸ ಅಲೆಗಳ ಒಟ್ಟು ಮೊತ್ತ.

ಹಾಗಾದರೆ ಗೋಡೆಯೂ ಬೆಳಕು ಕೊಡುತ್ತದೆ, ದೀಪವೂ ಕೊಡುತ್ತದೆ. ವ್ಯತ್ಯಾಸ ಎಲ್ಲಿ ಬಂತು? ದೀಪದೊಳಗೆ ಕೋಟಿ ಕೋಟಿ ಪರಮಾಣುಗಳು ತಮಗೆ ತೋಚಿದ ಹೊತ್ತಿಗೆ ಬೆಳಕು ಉಗುಳುತ್ತವೆ. ಅದು ಸಂತೆಯ ಗದ್ದಲ. ಕನ್ನಡಿಯಲ್ಲಿರುವುದು ಭಜನೆ: ಮುಂದೆ ಒಬ್ಬರು ಹಾಡಿದ್ದನ್ನು ಹಿಂದಿನವರೆಲ್ಲ ಅದೇ ತಾಳಕ್ಕೆ ಹಾಡುತ್ತಾರೆ, ಸ್ವಂತವಾಗಿ ಒಂದು ಸಾಲನ್ನೂ ಸೇರಿಸುವುದಿಲ್ಲ. ಅದಕ್ಕೇ ಬಣ್ಣ ಬದಲಾಗುವುದಿಲ್ಲ, ಗೆರೆಗಳು ಜಾಗ ಬಿಡುವುದಿಲ್ಲ. ಕನ್ನಡಿಯ ಮೈ ನಯವಾಗಿದೆ, ಆದ್ದರಿಂದ ಎಲ್ಲ ಎಲೆಕ್ಟ್ರಾನುಗಳ ಅಲೆಗಳೂ ಒಂದೇ ದಿಕ್ಕಿನಲ್ಲಿ ಕೂಡಿಕೊಂಡು ಬಿಂಬ ಮೂಡುತ್ತದೆ. ಸುಣ್ಣದ ಗೋಡೆ ಉಬ್ಬುತಗ್ಗು, ಆದ್ದರಿಂದ ಬೆಳಕು ಎಲ್ಲ ಕಡೆ ಚದುರುತ್ತದೆ. ಈ ಚದುರುವಿಕೆ ನಮ್ಮ ಪುಣ್ಯ. ಜಗತ್ತೆಲ್ಲ ಕನ್ನಡಿಯಾಗಿದ್ದರೆ ಯಾವ ವಸ್ತುವಿನ ಮೈಯೂ ಕಾಣುತ್ತಿರಲಿಲ್ಲ, ಬರೀ ದೀಪಗಳ ಬಿಂಬಗಳೇ ಕಾಣುತ್ತಿದ್ದವು.

ವಸ್ತುವಿನ ಬಣ್ಣವೂ ಇಲ್ಲೇ ಹುಟ್ಟುತ್ತದೆ. ಕೆಂಪು ರಿಬ್ಬನ್ ಕೆಂಪನ್ನು ವಾಪಸ್ ಕೊಡುತ್ತದೆ, ಉಳಿದದ್ದನ್ನು ನುಂಗುತ್ತದೆ. ಆದರೆ ಬಂದ ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ? ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಹಾಕಿ, ಹಾಲ್‌ನ ದೀಪ ಆರಿಸಿ ನೋಡಿದೆವಲ್ಲ, ನೆನಪಿಸಿಕೊಳ್ಳಿ. ಉಪ್ಪಿನ ಸೋಡಿಯಂ ಕೊಡುವುದು ಹೆಚ್ಚೂಕಮ್ಮಿ ಒಂದೇ ಹಳದಿ, 589 ನ್ಯಾನೋಮೀಟರ್ ಸುತ್ತಮುತ್ತ. ಆ ಬೆಳಕಿನಲ್ಲಿ ಕೆಂಪು ರಿಬ್ಬನ್, ಹಸಿರು ಎಲೆ, ಮೂರನೇ ಸಾಲಿನ ಅಮ್ಮನವರ ನೀಲಿ ಸೀರೆ ಎಲ್ಲ ಒಂದೇ ಮಂಕು ಹಳದಿ-ಕಪ್ಪಿನ ಛಾಯೆಗಳಾಗಿಬಿಟ್ಟವು. ಕಡ ಕೊಡುವವನ ಹತ್ತಿರ ಇಲ್ಲದ ಬಣ್ಣವನ್ನು ವಾಪಸ್ ಕೊಡುವುದು ಹೇಗೆ? ರೇಷ್ಮೆ ಅಂಗಡಿಯಲ್ಲಿ ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುವವರು ಸುಮ್ಮನೆ ಶೋಕಿ ಮಾಡುತ್ತಿಲ್ಲ, ಶುದ್ಧ ಭೌತವಿಜ್ಞಾನ ಮಾಡುತ್ತಿದ್ದಾರೆ.

ಗಾಜಿನ ವಿಷಯ ಒಂಚೂರು. ಪಾರದರ್ಶಕ ಅಂತೀವಿ, ಆದರೆ ಗಾಜಿನ ಒಂದೊಂದು ಮೈಯೂ ನೂರಕ್ಕೆ ಸುಮಾರು 4 ಭಾಗ ಬೆಳಕನ್ನು ವಾಪಸ್ ಕಳಿಸುತ್ತದೆ. ಎರಡು ಮೈ ಸೇರಿ 8. ಹಗಲು ಬಸ್ಸಿನಲ್ಲಿ ಕೂತಾಗ ಹೊರಗಿನ ಬಿಸಿಲಿನ ಮುಂದೆ ಆ 8 ಭಾಗ ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿ ಹೊರಗೆ ಕತ್ತಲು, ಒಳಗೆ ದೀಪ, ಆಗ ಕಿಟಕಿಯಲ್ಲಿ ನಿಮ್ಮದೇ ಮುಖ. ಗಾಜು ಬದಲಾಗಿಲ್ಲ, ಹೊರಗಿನ ಬೆಳಕು ಹೋಗಿದೆ ಅಷ್ಟೇ.

ಈಗ ವಕ್ರೀಭವನಕ್ಕೆ, ಅಂದರೆ ಬೆಳಕು ಬಾಗುವುದಕ್ಕೆ ಬರೋಣ. ಇದನ್ನು ಬೇರೆ ಪಾಠ ಅಂತ ಓದುತ್ತೇವೆ, ಆದರೆ ಎಲೆಕ್ಟ್ರಾನುಗಳ ಭಜನೆ ಇಲ್ಲೂ ಅದೇ. ಹಿಂದಕ್ಕೆ ಹೋದ ಅಲೆಗಳು ಪ್ರತಿಫಲನ. ಮುಂದಕ್ಕೆ ಹೋದ ಅಲೆಗಳು ಮೂಲ ಬೆಳಕಿನ ಜೊತೆ ಸೇರಿ, ಅದರ ಏರಿಳಿತವನ್ನು ಸ್ವಲ್ಪ ಹಿಂದೆ ಎಳೆಯುತ್ತವೆ. ಒಟ್ಟಿನಲ್ಲಿ ಬೆಳಕು ನಿಧಾನವಾದ ಹಾಗೆ ಆಗುತ್ತದೆ. ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನೀರಿನಲ್ಲಿ ಸುಮಾರು ಎರಡೂಕಾಲು ಲಕ್ಷ, ಸಾಮಾನ್ಯ ಗಾಜಿನಲ್ಲಿ 2 ಲಕ್ಷ, ವಜ್ರದಲ್ಲಿ ಒಂದೂಕಾಲು ಲಕ್ಷಕ್ಕೂ ಸ್ವಲ್ಪ ಕಡಿಮೆ. ಓರೆಯಾಗಿ ಒಳಗೆ ಹೋಗುವಾಗ ಅಲೆಯ ಒಂದು ಬದಿ ಮೊದಲು ನಿಧಾನವಾಗುತ್ತದೆ, ಅದಕ್ಕೇ ದಿಕ್ಕು ಬಾಗುತ್ತದೆ. ಬಣ್ಣದಿಂದ ಬಣ್ಣಕ್ಕೆ ಈ ವೇಗ ಸ್ವಲ್ಪ ಬೇರೆ. ಪಟ್ಟಕದಲ್ಲಿ (ಪ್ರಿಸಂ) ಬಣ್ಣ ಬಿಡಿಸಿಕೊಳ್ಳುವುದು ಅದರಿಂದ.

ಇದರಿಂದ ಆಗುವ ಒಂದು ಅಪಾಯವನ್ನು ಮಕ್ಕಳಿಗೆ ಹೇಳಲೇಬೇಕು. ಮೇಲಿನಿಂದ ನೇರ ನೋಡಿದಾಗ ನೀರಿನ ಆಳ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ಕಲ್ಯಾಣಿಯಲ್ಲಿ ನಾಲ್ಕಡಿ ನೀರಿದ್ದರೆ ಮೂರಡಿ ಅನ್ನಿಸುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಳ ಕಾಣ್ತಾ ಇದೆ ಅಂತ ಇಳಿಯಬೇಡಿ.

ಪ್ರತಿಫಲನದ ವೇಷ ಹಾಕಿಕೊಂಡು ಬರುವ ವಕ್ರೀಭವನವೂ ಇದೆ. ಏಪ್ರಿಲ್ ತಿಂಗಳಲ್ಲಿ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಹೋದವರಿಗೆ ಗೊತ್ತು, ದೂರದ ರಸ್ತೆಯ ಮೇಲೆ ನೀರು ನಿಂತ ಹಾಗೆ, ಎದುರು ಲಾರಿಯ ಬಿಂಬ ಅದರಲ್ಲಿ ತಲೆಕೆಳಗಾಗಿ ಬಿದ್ದ ಹಾಗೆ ಕಾಣುತ್ತದೆ. ಬಿಸಿಲ್ಗುದುರೆ. ಅಲ್ಲಿ ನೀರೂ ಇಲ್ಲ, ಕನ್ನಡಿಯೂ ಇಲ್ಲ. ಡಾಂಬರಿಗೆ ತಾಗಿದ ಗಾಳಿ ಕಾದು ತೆಳ್ಳಗಾಗಿದೆ, ಅದರಲ್ಲಿ ಬೆಳಕಿನ ವೇಗ ಕೂದಲೆಳೆಯಷ್ಟು ಜಾಸ್ತಿ. ಆಕಾಶದಿಂದ ಕೆಳಗೆ ಬರುತ್ತಿದ್ದ ಬೆಳಕು ನೆಲ ಮುಟ್ಟುವ ಮುಂಚೆಯೇ ಬಾಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ನೀರು ಅಂತ ಕಂಡದ್ದು ಆಕಾಶದ ತುಂಡು.

ಗಾಳಿ ಬೆಳಕನ್ನು ಬಾಗಿಸುವುದು ಸಂಜೆ ಕಡಲ ತೀರದಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸೂರ್ಯನ ಕೆಳ ಅಂಚು ನೀರು ಮುಟ್ಟಿತು ಅನ್ನುವ ಹೊತ್ತಿಗೆ, ಗಾಳಿ ಇಲ್ಲದಿದ್ದರೆ ಅವನು ಆಗಲೇ ಪೂರ್ತಿ ಮುಳುಗಿರುತ್ತಿದ್ದ. ಅಂಚಿನಲ್ಲಿ ವಾತಾವರಣ ಅವನನ್ನು ಸುಮಾರು ಅರ್ಧ ಡಿಗ್ರಿ ಮೇಲೆತ್ತಿ ತೋರಿಸುತ್ತದೆ, ಸೂರ್ಯನ ಅಗಲವೂ ಸುಮಾರು ಅರ್ಧ ಡಿಗ್ರಿಯೇ.

2025ರ ಸೆಪ್ಟೆಂಬರ್ 7ರ ರಾತ್ರಿಯ ಚಂದ್ರಗ್ರಹಣವನ್ನು ಮೋಡ ಬಿಟ್ಟ ಕಡೆ ಎಷ್ಟು ಜನ ನೋಡಿದಿರಿ? 82 ನಿಮಿಷ ಪೂರ್ಣ ಗ್ರಹಣ. ಭೂಮಿಯ ನೆರಳೊಳಗೆ ಪೂರ್ತಿ ಹೋದ ಮೇಲೂ ಚಂದ್ರ ಮಾಯವಾಗದೆ ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ. ಆ ಬೆಳಕಿನ ದಾರಿ ನೋಡಿ. ಹುಟ್ಟಿದ್ದು ಸೂರ್ಯನಲ್ಲಿ. ಭೂಮಿಯ ಅಂಚಿನ ಗಾಳಿಯಲ್ಲಿ ಬಾಗಿ ನೆರಳೊಳಗೆ ನುಗ್ಗಿತು. ದಾರಿಯಲ್ಲಿ ನೀಲಿಯೆಲ್ಲ ಚದುರಿ ಹೋಗಿ ಕೆಂಪು ಉಳಿಯಿತು. ಚಂದ್ರನ ಮೈಗೆ ಬಡಿದು ವಾಪಸ್ ನಮ್ಮ ಕಣ್ಣಿಗೆ ಬಂತು. ಇವತ್ತು ಮಾತಾಡುತ್ತಿರುವುದೆಲ್ಲ ಆ ಒಂದು ಕೆಂಪು ಕಿರಣದಲ್ಲಿದೆ. 2008ರ ಆಗಸ್ಟ್ ಗ್ರಹಣದಲ್ಲಿ ಕೆನರಿ ದ್ವೀಪಗಳ ದೂರದರ್ಶಕಗಳು ಆ ಕೆಂಪು ಬೆಳಕನ್ನು ಬಿಡಿಸಿ ನೋಡಿದವು. ಭೂಮಿಯ ಆಮ್ಲಜನಕ, ನೀರಾವಿ ಎಲ್ಲದರ ಗುರುತೂ ಸಿಕ್ಕಿತು. ಬೇರೆ ನಕ್ಷತ್ರದ ಸುತ್ತಲಿನ ಗ್ರಹದ ಗಾಳಿಯಲ್ಲಿ ಜೀವದ ಸುಳಿವು ಹುಡುಕಬೇಕಾದರೆ ಏನು ಕಾಣಬೇಕು ಅನ್ನುವುದಕ್ಕೆ ನಮ್ಮ ಭೂಮಿಯನ್ನೇ ಮಾದರಿ ಮಾಡಿಕೊಂಡಿದ್ದರು.

ಇಲ್ಲಿಯವರೆಗೆ ಬಣ್ಣದ ಸಾಕ್ಷಿ ನೋಡಿದೆವು. ಇನ್ನೊಂದು ಸಾಕ್ಷಿ ಇದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಜೇನುನೊಣಕ್ಕೆ ಕಾಣುತ್ತದೆ.

1808, ಪ್ಯಾರಿಸ್. ಎತಿಯೆನ್ ಲೂಯಿ ಮಾಲ್ಯೂಸ್ ಅಂತ ಒಬ್ಬ ಸೇನಾ ಎಂಜಿನಿಯರ್. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಬಂದವನು. ಒಂದು ಸಂಜೆ ತನ್ನ ಮನೆಯಲ್ಲಿ ಕೂತು ಎದುರಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿ ಗಾಜುಗಳಲ್ಲಿ ಮುಳುಗುವ ಸೂರ್ಯನ ಬಿಂಬ ನೋಡುತ್ತಿದ್ದ. ಕೈಯಲ್ಲಿ ಐಸ್‌ಲ್ಯಾಂಡ್ ಸ್ಪಾರ್ ಅನ್ನುವ ಹರಳು. ಆ ಹರಳಿನ ಮೂಲಕ ಏನು ನೋಡಿದರೂ ಎರಡೆರಡಾಗಿ ಕಾಣುತ್ತದೆ. ನೇರ ಸೂರ್ಯನ ಬೆಳಕಾದರೆ ಎರಡು ಬಿಂಬಗಳೂ ಸಮ. ಕಿಟಕಿಯಿಂದ ಬಂದ ಬೆಳಕಿನಲ್ಲಿ ಹಾಗಿರಲಿಲ್ಲ. ಹರಳನ್ನು ತಿರುಗಿಸಿದಂತೆ ಒಂದು ಮಂಕಾಗುತ್ತದೆ, ಇನ್ನೊಂದು ಬೆಳಗುತ್ತದೆ. ಇನ್ನೂ ತಿರುಗಿಸಿದರೆ ಅದಲುಬದಲು. ಆ ರಾತ್ರಿಯೇ ಅವನು ಮೇಣದ ಬತ್ತಿಯ ಬೆಳಕನ್ನು ನೀರಿನ ಮೇಲೆ, ಗಾಜಿನ ಮೇಲೆ ಬೀಳಿಸಿ ಮತ್ತೆ ಮತ್ತೆ ಪರೀಕ್ಷಿಸಿದ ಅನ್ನುತ್ತಾರೆ. ಗಾಜಿಗೆ ಬಡಿದು ಬಂದ ಬೆಳಕಿಗೆ, ನೇರ ಬಂದ ಬೆಳಕಿಗೆ ಇಲ್ಲದ ಒಂದು ಗುಣ ಬಂದಿತ್ತು. ಅದೇ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಒಂದೇ ಬದಿಗೆ ಅಲುಗಾಡುವುದು.

ಕಾರಣ ಹೇಳುವುದು ಈಗ ಸುಲಭ. ದೀಪದಿಂದ ಬಂದ ಬೆಳಕಿನ ಅಲೆಗಳು ಎಲ್ಲ ಬದಿಗೂ ಅಲುಗಾಡುತ್ತವೆ. ಗಾಜಿನ ಮೈಯಲ್ಲಿರುವ ಎಲೆಕ್ಟ್ರಾನ್ ತಾನು ಅಲುಗಾಡುವ ದಿಕ್ಕಿಗೇ ಅಲೆಯನ್ನು ಕಳಿಸಲಾರದು, ಅದರ ಅಡ್ಡಕ್ಕೇ ಅತಿ ಹೆಚ್ಚು ಕಳಿಸುತ್ತದೆ. ಹಾಗಾಗಿ ಒಂದು ನಿರ್ದಿಷ್ಟ ಕೋನದಲ್ಲಿ ಒಂದು ಬಗೆಯ ಅಲುಗಾಟದ ಬೆಳಕು ವಾಪಸ್ ಬರುವುದೇ ಇಲ್ಲ. ಲಂಬದಿಂದ ಅಳೆದರೆ ಗಾಜಿಗೆ ಇದು ಸುಮಾರು 56 ಡಿಗ್ರಿ, ನೀರಿಗೆ 53. ಈ ಕೋನದ ನಿಯಮವನ್ನು 1815ರಲ್ಲಿ ಕೊಟ್ಟವನು ಸ್ಕಾಟ್ಲೆಂಡಿನ ಬ್ರೂಸ್ಟರ್. ಮೇಜಿನ ಮೇಲಿನ ಗಾಜಿನ ಹಾಳೆಯಲ್ಲಿ ಟ್ಯೂಬ್‌ಲೈಟಿನ ಬಿಂಬ ಹೊಳೆಯುತ್ತಿತ್ತು. ಒಂದೇ ಬದಿಯ ಅಲುಗಾಟವನ್ನು ಮಾತ್ರ ಒಳಗೆ ಬಿಡುವ ಪೋಲರಾಯ್ಡ್ ತುಂಡನ್ನು ಕಣ್ಣಿಗೆ ಹಿಡಿದು ಮೆಲ್ಲಗೆ ತಿರುಗಿಸಿದಿರಿ, ಬಿಂಬ ಆರಿಹೋಯಿತು. ಅದೇ ತುಂಡನ್ನು ನೇರ ಟ್ಯೂಬ್ ಕಡೆ ಹಿಡಿದು ಎಷ್ಟು ತಿರುಗಿಸಿದರೂ ಏನೂ ಆಗಲಿಲ್ಲ. ಹಿಂದಿನ ಸಾಲಿನಿಂದ "ಲ್ಯಾಪ್‌ಟಾಪ್ ಕಡೆ ಹಿಡಿದರೆ ಕಪ್ಪಾಯ್ತು ಸಾರ್" ಅಂತ ಕೂಗು ಬಂತು. ಹೌದು, ಎಲ್‌ಸಿಡಿ ಪರದೆಯ ಮೇಲೆ ತಯಾರಿಸುವಾಗಲೇ ಒಂದು ಪೋಲರಾಯ್ಡ್ ಹಾಳೆ ಅಂಟಿಸಿರುತ್ತಾರೆ. ಅದು ಪರದೆಯ ಗುಣ, ದೀಪದ್ದಲ್ಲ.

ಈ ಉಪಾಯವನ್ನೇ ಹಿಡಿದು ನಮ್ಮ ಸಿ.ವಿ. ರಾಮನ್ ಒಬ್ಬ ದೊಡ್ಡ ವಿಜ್ಞಾನಿಯ ಮಾತನ್ನು ಕೆಡವಿದರು. ಕಡಲ ಕಡುನೀಲಿ ನೀರಿನ ಬಣ್ಣವೇ ಅಲ್ಲ, ಆಕಾಶದ ನೀಲಿ ಪ್ರತಿಫಲಿಸಿ ಹಾಗೆ ಕಾಣುತ್ತದೆ ಅಂತ ಲಾರ್ಡ್ ರ್‍ಯಾಲೆ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ನರ್ಕುಂಡ ಹಡಗಿನ ಮೇಲೆ ನಿಂತ ರಾಮನ್ ಕೈಯಲ್ಲಿ ಒಂದು ನಿಕೋಲ್ ಪಟ್ಟಕ ಇತ್ತು. ನಮ್ಮ ಪೋಲರಾಯ್ಡ್ ತುಂಡಿನ ಕೆಲಸವನ್ನೇ ಅದು ಮಾಡುತ್ತದೆ. ಬ್ರೂಸ್ಟರ್ ಕೋನದಲ್ಲಿ ನೀರನ್ನು ನೋಡುತ್ತಾ ಅದನ್ನು ತಿರುಗಿಸಿ, ಮೇಲ್ಮೈಯಿಂದ ಬರುವ ಕಡದ ಬೆಳಕನ್ನು ಕತ್ತರಿಸಿ ಹಾಕಿದರು. ರ್‍ಯಾಲೆ ಹೇಳಿದ್ದು ನಿಜವಾದರೆ ನೀಲಿ ಹೋಗಬೇಕಿತ್ತು. ಹೋಗಲಿಲ್ಲ, ಇನ್ನೂ ಗಾಢವಾಯಿತು! ಅಂದರೆ ಆ ನೀಲಿ ನೀರಿನ ಒಳಗಿನಿಂದಲೇ ಬರುತ್ತಿದೆ. ಮುಂಬೈ ಬಂದರಿನಿಂದಲೇ 'ನೇಚರ್' ಪತ್ರಿಕೆಗೆ ಟಿಪ್ಪಣಿ ಹೋಯಿತು, ಅದೇ ನವೆಂಬರಿನಲ್ಲಿ ಅಚ್ಚಾಯಿತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣ ಅಂದರು ರಾಮನ್. ನೀರು ಕೆಂಪನ್ನು ಹೀರಿಕೊಳ್ಳುವುದಕ್ಕೂ ಅದರಲ್ಲಿ ದೊಡ್ಡ ಪಾಲಿದೆ ಅಂತ ಇವತ್ತು ಗೊತ್ತು. ಆದರೆ ಕಿಸೆಯಲ್ಲಿ ಹಿಡಿಸುವ ಒಂದು ಹರಳಿನಿಂದ ಕಡಲಿನ ಮೈ ಬೆಳಕು ಯಾವುದು, ಒಳ ಬೆಳಕು ಯಾವುದು ಅಂತ ಬೇರೆ ಮಾಡಿದ್ದು ನನಗಂತೂ ಅವರ ನೊಬೆಲ್ ಕೆಲಸಕ್ಕಿಂತ ಜಾಸ್ತಿ ಇಷ್ಟ.

ಆ ನೊಬೆಲ್ ಕೆಲಸ ಇದರ ಮುಂದಿನ ಕೊಂಡಿಯೇ. ಕಡದ ಬೆಳಕು ಬಣ್ಣ ಬದಲಿಸುವುದಿಲ್ಲ, ಎಲೆಕ್ಟ್ರಾನು ಸ್ವಂತ ಸಾಲು ಸೇರಿಸುವುದಿಲ್ಲ ಅಂದೆನಲ್ಲ? ಪೂರ್ತಿ ನಿಜವಲ್ಲ. ಅಣು ತಾನೂ ಕಂಪಿಸುತ್ತಿರುತ್ತದೆ. ಕೋಟಿಗೊಂದರ ಹಾಗೆ ಅಪರೂಪಕ್ಕೆ, ಚದುರಿದ ಬೆಳಕು ಆ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಅಥವಾ ತೆಗೆದುಕೊಂಡು ಬೇರೆ ಬಣ್ಣವಾಗಿ ಹೊರಬರುತ್ತದೆ. ಮೂಲದಲ್ಲಿ ಇಲ್ಲವೇ ಇಲ್ಲದ ಗೆರೆ! 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅದನ್ನು ಕಂಡರು. ಮಾರ್ಚ್ 16ರಂದು ರಾಮನ್ ಅದರ ಬಗ್ಗೆ ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಯಾವ ಅಣುವಿಗೆ ಬಡಿಯಿತು ಅನ್ನುವ ವಿಳಾಸ ಆ ಹೊಸ ಗೆರೆಯಲ್ಲಿರುತ್ತದೆ. ಔಷಧಿ ಕಾರ್ಖಾನೆಗಳಿಂದ ರತ್ನದ ಪರೀಕ್ಷೆವರೆಗೆ ಇವತ್ತು ಅದನ್ನು ಬಳಸುತ್ತಾರೆ.

ಈಗ ಶುರುವಿನಲ್ಲಿ ಉಳಿಸಿಕೊಂಡ ಲೆಕ್ಕಕ್ಕೆ ಬರುತ್ತೇನೆ. ಈ ಹಾಲ್‌ನಲ್ಲಿ ಸ್ವಂತ ಬೆಳಕು ಕೊಡುವ ವಸ್ತುಗಳು ಆರಲ್ಲ. ಇಲ್ಲಿರುವುದೆಲ್ಲವೂ ಕೊಡುತ್ತಿದೆ. ನೀವೂ ಕೊಡುತ್ತಿದ್ದೀರಿ. ಬೆಚ್ಚಗಿರುವ ಯಾವುದೇ ವಸ್ತು ಬೆಳಗುತ್ತದೆ. ನಮ್ಮ ಮೈಯ ಬೆಳಕು ಅವಕೆಂಪಿನಲ್ಲಿದೆ (ಇನ್‌ಫ್ರಾರೆಡ್, ಕೆಂಪಿಗಿಂತ ಉದ್ದದ ಅಲೆ), ಸುಮಾರು 9.5 ಮೈಕ್ರಾನಿನಲ್ಲಿ ಅತಿ ಜೋರು, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಒಬ್ಬ ದೊಡ್ಡ ಮನುಷ್ಯನ ಚರ್ಮ 800 ವ್ಯಾಟಿನಷ್ಟು ಹೊರಗೆ ಬಿಡುತ್ತದೆ. ಗಾಬರಿ ಬೇಡ, ಗೋಡೆ, ಕುರ್ಚಿ, ಪಕ್ಕದವರು ಹೆಚ್ಚೂಕಮ್ಮಿ ಅಷ್ಟನ್ನೇ ವಾಪಸ್ ಕೊಡುತ್ತಾರೆ.

ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಅಳೆಯುತ್ತಿದ್ದುದು ಈ ಬೆಳಕನ್ನೇ. ಅಂಥದ್ದೇ ಒಂದು ಗನ್ ಇಲ್ಲಿದೆ, ವರ್ಕ್‌ಶಾಪಿನಲ್ಲಿ ಬಳಸುವುದು. ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಾತ್ರೆಯ ಹೊಟ್ಟೆಗೆ ಗನ್ ಹಿಡಿದಾಗ ಬಂದದ್ದು 40ರ ಆಸುಪಾಸು. ಎಲ್ಲರೂ ನಕ್ಕರು. ಗನ್ ಕೆಟ್ಟಿಲ್ಲ. ಆಮೇಲೆ ಪಾತ್ರೆಗೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಹಿಡಿದೆ. 90 ದಾಟಿತು. ಅದೇ ಪಾತ್ರೆ, ಅದೇ ನೀರು, ಒಂದು ಬೆರಳಗಲದ ಅಂತರ.

ಏನಾಯಿತು? ಹೊಳೆಯುವ ಸ್ಟೀಲು ಅವಕೆಂಪಿಗೂ ಕನ್ನಡಿ. ಚೆನ್ನಾಗಿ ಪ್ರತಿಫಲಿಸುವ ವಸ್ತು ಸ್ವಂತವಾಗಿ ಬೆಳಗುವುದರಲ್ಲಿ ಬಹಳ ಜಿಪುಣ, ಇದು ಕಿರ್ಖಾಫ್‌ನ ನಿಯಮ. ಗನ್ ನೋಡಿದ್ದು ಹೆಚ್ಚಾಗಿ ಪಾತ್ರೆಯಲ್ಲಿ ಪ್ರತಿಫಲಿಸಿದ ತಣ್ಣನೆ ಗೋಡೆಗಳನ್ನು, ನಿಮ್ಮನ್ನು, ನನ್ನನ್ನು. ಕಪ್ಪು ಟೇಪು ಪ್ರತಿಫಲಿಸುವುದು ಕಡಿಮೆ, ತನ್ನ ಬಿಸಿಯನ್ನು ಇದ್ದ ಹಾಗೆ ಹೇಳುತ್ತದೆ. ಸ್ವಂತ ಬೆಳಕು, ಕಡದ ಬೆಳಕು ಎರಡೂ ಕಲಸಿಹೋದಾಗ ಅಳತೆ ಎಷ್ಟು ಹಾದಿ ತಪ್ಪುತ್ತದೆ ಅನ್ನುವುದಕ್ಕೆ ಈ ಪಾತ್ರೆ ಸಾಕು. ಇದೇ ತೊಂದರೆ ಚಂದ್ರನ ಮೇಲೆ ನೀರು ಹುಡುಕುವಾಗಲೂ ಎದುರಾಯಿತು.

2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟಿತು. ಅದರಲ್ಲಿ ನಾಸಾದ ಒಂದು ಉಪಕರಣ ಇತ್ತು, ಚುಟುಕಾಗಿ ಎಂ-ತ್ರೀ ಅನ್ನುತ್ತಾರೆ. ಚಂದ್ರನಿಂದ ಪ್ರತಿಫಲಿಸಿದ ಬಿಸಿಲನ್ನು 3 ಮೈಕ್ರಾನ್‌ವರೆಗೆ ಬಿಡಿಸಿ ನೋಡುವುದು ಅದರ ಕೆಲಸ. ನಮ್ಮ ಟ್ಯೂಬ್‌ಲೈಟ್-ಗೋಡೆ ಪ್ರಯೋಗವೇ, ದೊಡ್ಡ ಖರ್ಚಿನಲ್ಲಿ. ಸಂಕೇತಗಳು ಬೆಂಗಳೂರು ಪಕ್ಕದ ಬ್ಯಾಲಾಳಿನ ದೊಡ್ಡ ಆಂಟೆನಾಕ್ಕೆ ಬರುತ್ತಿದ್ದವು. 2.8ರಿಂದ 3 ಮೈಕ್ರಾನ್ ನಡುವೆ ಬೆಳಕು ಸ್ವಲ್ಪ ಕಡಿಮೆಯಾಗಿತ್ತು. ಆ ಬೆಳಕನ್ನು ಅಲ್ಲಿ ಯಾರೋ ನುಂಗುತ್ತಿದ್ದರು: ನೀರು, ಇಲ್ಲವೇ ನೀರಿನ ನಂಟ ಹೈಡ್ರಾಕ್ಸಿಲ್. 2009ರ ಸೆಪ್ಟೆಂಬರಿನಲ್ಲಿ ಸುದ್ದಿ ಜಗತ್ತಿಗೆಲ್ಲ ಗೊತ್ತಾಯಿತು.

ತೊಡಕು ಎಲ್ಲಿ ಅಂದರೆ, ಮಟಮಟ ಮಧ್ಯಾಹ್ನ ಚಂದ್ರನ ನೆಲ 120 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ಅಷ್ಟು ಕಾದ ಕಲ್ಲು 3 ಮೈಕ್ರಾನಿನ ಹತ್ತಿರ ತಾನೇ ಬೆಳಗಲು ಶುರು ಮಾಡುತ್ತದೆ. ನೀರು ನುಂಗಿ ಖಾಲಿ ಮಾಡಿದ ಜಾಗವನ್ನು ನೆಲದ ಸ್ವಂತ ಬೆಳಕು ಬಂದು ತುಂಬುತ್ತದೆ. ಮಧ್ಯಾಹ್ನ ನೀರಿನ ಗುರುತು ಕಡಿಮೆ ಕಂಡರೆ, ನೀರೇ ಹೋಯಿತೋ, ಕಲ್ಲಿನ ಬೆಳಕು ಅದನ್ನು ಮುಚ್ಚಿತೋ? ಶಾಖದ ಪಾಲನ್ನು ಲೆಕ್ಕ ಹಾಕಿ ಕಳೆಯಬೇಕು. ಒಂದೊಂದು ತಂಡ ಒಂದೊಂದು ಬಗೆಯಲ್ಲಿ ಕಳೆಯಿತು. ಒಬ್ಬರ ಪ್ರಕಾರ ಹಗಲಿನ ಹೊತ್ತಿನೊಂದಿಗೆ ನೀರಿನ ಗುರುತು ಏರಿಳಿಯುತ್ತದೆ, ಇನ್ನೊಬ್ಬರ ಪ್ರಕಾರ ಅಷ್ಟೇನೂ ಬದಲಾಗುವುದಿಲ್ಲ. ಹತ್ತು ವರ್ಷ ಕಳೆದರೂ ಈ ವಾದ ನಡೆಯುತ್ತಲೇ ಇತ್ತು.

ಇಷ್ಟು ಹೇಳಿ ಪ್ರಶ್ನೆಗಳಿಗೆ ಬಿಟ್ಟೆ. ಬಂದವುಗಳಲ್ಲಿ ಕೆಲವು ಇಲ್ಲಿ ಬರೆಯುವಂಥವು.

ಚಂದ್ರ ಅಷ್ಟು ಬೆಳ್ಳಗಿದ್ದಾನೆ, ಒಳ್ಳೆ ಕನ್ನಡಿ ಇರಬೇಕಲ್ವಾ ಅಂತ ಒಬ್ಬರು ಕೇಳಿದರು. ಇಲ್ಲ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಭಾಗ ಮಾತ್ರ ವಾಪಸ್ ಕೊಡುತ್ತಾನೆ, ಹಳೇ ಡಾಂಬರು ರಸ್ತೆಯ ಹಾಗೆ. ಸುತ್ತ ಕಪ್ಪು ಆಕಾಶ ಇರುವುದರಿಂದ ಬೆಳ್ಳಗೆ ಕಾಣುತ್ತಾನೆ. ಹುಣ್ಣಿಮೆ ಚಂದ್ರ ಸೂರ್ಯನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂಕು. ಶುಕ್ರ ಮುಕ್ಕಾಲು ಭಾಗ ವಾಪಸ್ ಕೊಡುತ್ತದೆ, ಅದರ ಮೋಡಗಳಿಂದಾಗಿ. ಆ ಮೋಡಗಳು ಗಂಧಕಾಮ್ಲದ ಹನಿಗಳು ಅಂತ ತಿಳಿದದ್ದರಲ್ಲೂ ಮಾಲ್ಯೂಸ್‌ನ ಉಪಾಯ ಇದೆ. ಶುಕ್ರನಿಂದ ಬಂದ ಬೆಳಕಿನ ಧ್ರುವೀಕರಣ ಅಳೆದು ಹನಿಯ ಅಳತೆ ಸುಮಾರು 1 ಮೈಕ್ರಾನ್ ತ್ರಿಜ್ಯ ಅಂತ 1970ರ ದಶಕದಲ್ಲಿ ಲೆಕ್ಕ ಹಾಕಿದರು.

ಒಬ್ಬ ಹುಡುಗಿ ಗುರುವಿನ ಬಗ್ಗೆ ಕೇಳಿದಳು. ಕಣ್ಣಿಗೆ ಕಾಣುವ ಗುರುಗ್ರಹ ಪೂರ್ತಿ ಕಡ. ಅವಕೆಂಪಿನಲ್ಲಿ ಮಾತ್ರ ಅದು ಸೂರ್ಯನಿಂದ ಹೀರಿಕೊಂಡದ್ದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಹೊರಗೆ ಬಿಡುತ್ತದೆ. ಹುಟ್ಟಿದಾಗಿನ ಶಾಖ ಇನ್ನೂ ಒಳಗಿದೆ.

ಕಾಮನಬಿಲ್ಲು ಪ್ರತಿಫಲನಕ್ಕೆ ಸೇರುತ್ತದೋ ವಕ್ರೀಭವನಕ್ಕೋ ಅನ್ನುವುದು ಇನ್ನೊಂದು ಪ್ರಶ್ನೆ. ಎರಡಕ್ಕೂ. ಹನಿಯೊಳಗೆ ಹೋಗುವಾಗ ವಕ್ರೀಭವನ, ಹಿಂದಿನ ಮೈಯಲ್ಲಿ ಪ್ರತಿಫಲನ, ಹೊರಬರುವಾಗ ಮತ್ತೆ ವಕ್ರೀಭವನ. ಒಳಗಿನ ಪ್ರತಿಫಲನ ಬ್ರೂಸ್ಟರ್ ಕೋನದ ಹತ್ತಿರವೇ ನಡೆಯುತ್ತದೆ. ಹಾಗಾಗಿ ಮುಂದಿನ ಸಲ ಕಾಮನಬಿಲ್ಲು ಕಂಡಾಗ ಪೋಲರಾಯ್ಡ್ ಕನ್ನಡಕ ತಿರುಗಿಸಿ ನೋಡಿ, ಬಿಲ್ಲಿನ ಒಂದು ಭಾಗ ಮಾಯವಾಗುತ್ತದೆ.

ಕೊನೆಯ ಪ್ರಶ್ನೆ ಒಬ್ಬರು ಮೇಷ್ಟ್ರದು. ಚಂದ್ರನ ಮೇಲೆ ಕಪ್ಪು ಟೇಪ್ ಅಂಟಿಸುವ ಹಾಗಿಲ್ಲವಲ್ಲ, ಆ ಎರಡು ಬೆಳಕನ್ನು ಬೇರೆ ಮಾಡುವುದಕ್ಕೆ ಆಮೇಲೆ ಏನು ಮಾಡಿದರು? ಒಳ್ಳೆಯ ಪ್ರಶ್ನೆ. 3 ಮೈಕ್ರಾನಿಗೇ ನಿಂತ ಉಪಕರಣಕ್ಕೆ ಶಾಖದ ಬೆಳಕಿನ ಬಾಲ ಮಾತ್ರ ಕಾಣುತ್ತದೆ. ಇನ್ನೂ ಉದ್ದದ ಅಲೆಗಳ ಕಡೆ ಹೋದಂತೆ ಬಿಸಿಲಿನ ಪಾಲು ಇಳಿಯುತ್ತದೆ, ಕಲ್ಲಿನ ಸ್ವಂತ ಬೆಳಕಿನ ಪಾಲು ಏರುತ್ತದೆ. ಆದ್ದರಿಂದ 2019ರ ಜುಲೈ 22ರಂದು ಹೊರಟ ಚಂದ್ರಯಾನ-2ರಲ್ಲಿ ಇಸ್ರೋ ತನ್ನದೇ ಒಂದು ಅವಕೆಂಪು ರೋಹಿತಮಾಪಕ, ಅಂದರೆ ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ ಇಟ್ಟಿತು. ಅಹಮದಾಬಾದಿನ ಕೇಂದ್ರದಲ್ಲಿ ಮಾಡಿದ್ದು. 0.8ರಿಂದ 5 ಮೈಕ್ರಾನ್‌ವರೆಗೆ ನೋಡುತ್ತದೆ. 5ರ ಕಡೆಯ ತುದಿಯಲ್ಲಿ ನೆಲ ಎಷ್ಟು ಕಾದಿದೆ ಅಂತ ಅಳೆದು, ಅದರಿಂದ 3ರ ಹತ್ತಿರ ಕಲ್ಲಿನ ಪಾಲು ಎಷ್ಟು ಅಂತ ಲೆಕ್ಕ ಹಾಕಿ ಕಳೆಯುತ್ತಾರೆ. ಉಳಿದದ್ದು ಸೂರ್ಯನ ಬೆಳಕು, ಅದರಲ್ಲಿ ಆದ ಕೊರತೆ ನೀರಿನ ಲೆಕ್ಕಕ್ಕೆ.